ಬಿಳಿ ಬಾಟಲಿಯೋ, ಚಿನ್ನದ ಬಣ್ಣದ್ದೋ?

ಪ್ರಶ್ನೆ: ನಾನು ಮೂಡಿಗೆರೆ ಕಡೆಯ ಸಣ್ಣ ಕಾಫಿ ಬೆಳೆಗಾರ. ಕೊಯ್ಲು ಮುಗಿದ ಮೇಲೆ ಐದಾರು ಜನ ಸ್ನೇಹಿತರು ಒಂದು ಸಂಜೆ ಸೇರುವುದು ನಮ್ಮಲ್ಲಿ ವಾಡಿಕೆ. ಇಷ್ಟು ವರ್ಷ ವಿಸ್ಕಿ, ರಮ್ಮಿನಲ್ಲೇ ಕಳೆದಿದ್ದೇವೆ. ಈ ಸಲ ಬೆಂಗಳೂರಿನಿಂದ ಬರುವ ತಮ್ಮ ಟಕೀಲಾ ಇರಲಿ ಎಂದಿದ್ದಾನೆ. ಚಿಕ್ಕಮಗಳೂರಿನ ಅಂಗಡಿಯಲ್ಲಿ ಮೂರು ಬಗೆ ಕಂಡವು. ಒಂದು ಚಿನ್ನದ ಬಣ್ಣದ್ದು, ಒಂದು ನೀರಿನಂತೆ ತಿಳಿಯಾದದ್ದು, ಇನ್ನೊಂದು ‘ರೆಪೊಸಾಡೊ’ ಎಂದು ಬರೆದಿದ್ದ, ಸ್ವಲ್ಪ ಹೆಚ್ಚು ಬೆಲೆಯದ್ದು. ಹಾಗೆಯೇ ಗುಟುಕರಿಸಲು ಯಾವುದು ಒಳ್ಳೆಯದು, ಬೆರೆಸಿ ಕುಡಿಯಲು ಯಾವುದು? ತೀರಾ ದುಬಾರಿ ಬೇಡ. ಇನ್ನೊಂದು ಮಾತು: ನಮ್ಮ ಬೇಲಿಯ ಕತ್ತಾಳೆಯಿಂದಲೇ ಟಕೀಲಾ ಮಾಡುತ್ತಾರೆ ಎಂದು ದೊಡ್ಡಪ್ಪ ಹೇಳುತ್ತಾರೆ. ಅದು ನಿಜವೇ?

ಉತ್ತರ: ನೀವು ಕಾಫಿ ಬೆಳೆಗಾರರಾದದ್ದು ನನ್ನ ಅರ್ಧ ಕೆಲಸವನ್ನು ಉಳಿಸಿತು. ಬೆಂಗಳೂರಿನ ಹೋಟೆಲುಗಳ ಬಾರುಗಳಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿ ಈಗ ಹಾಸನಕ್ಕೆ ಮರಳಿರುವ ನಾನು ಟಕೀಲಾದ ಬಗ್ಗೆ ಹೇಳಬೇಕಾದಾಗಲೆಲ್ಲ ಕಾಫಿಯಿಂದಲೇ ಶುರು ಮಾಡುತ್ತೇನೆ.

ಅಂಗಡಿಯಲ್ಲಿ ಸಿಗುವ ಕಾಫಿ ಪುಡಿಯ ಪೊಟ್ಟಣದ ಹಿಂಬದಿಯನ್ನು ನೀವು ಓದಿಯೇ ಇರುತ್ತೀರಿ. ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾಫಿ ಕನಿಷ್ಠ ಶೇ 51ರಷ್ಟು ಇರಲೇಬೇಕು ಎಂಬುದು ನಮ್ಮ ದೇಶದ ಆಹಾರ ನಿಯಮ. ಮಿಕ್ಕ 49 ಭಾಗ ಚಿಕೋರಿ ಆಗಬಹುದು, ಆದರೆ ಎಷ್ಟೆಂದು ಪೊಟ್ಟಣದ ಮೇಲೆ ಬರೆಯಬೇಕು. ಕಾಕತಾಳೀಯವೋ ಏನೋ, ಮೆಕ್ಸಿಕೊದ ಟಕೀಲಾ ನಿಯಮದಲ್ಲೂ ಇದೇ ಅಂಕಿ ಇದೆ. ಮದ್ಯವಾಗುವ ಸಕ್ಕರೆಯಲ್ಲಿ ಕನಿಷ್ಠ ಶೇ 51 ನೀಲಿ ಅಗಾವೆ ಗಿಡದಿಂದ ಬಂದಿದ್ದರೆ ಸಾಕು, ಅದನ್ನು ಟಕೀಲಾ ಎಂದು ಕರೆಯಬಹುದು. ಉಳಿದದ್ದು ಕಬ್ಬಿನ ಸಕ್ಕರೆಯೋ ಜೋಳದ ಸಕ್ಕರೆಯೋ ಆಗಿರಬಹುದು. ಈ ಬಗೆಯನ್ನು ‘ಮಿಕ್ಸ್ಟೊ’ ಎನ್ನುತ್ತಾರೆ, ಅಂದರೆ ಬೆರಕೆ. ವ್ಯತ್ಯಾಸ ಇಷ್ಟೇ: ನಮ್ಮ ಚಿಕೋರಿ ಪೊಟ್ಟಣ ತನ್ನ ಬೆರಕೆಯನ್ನು ಒಪ್ಪಿಕೊಳ್ಳುತ್ತದೆ, ಮಿಕ್ಸ್ಟೊ ಬಾಟಲಿ ಒಪ್ಪಿಕೊಳ್ಳುವುದಿಲ್ಲ. ಅದರ ಮೇಲೆ ಸುಮ್ಮನೆ ‘ಟಕೀಲಾ’ ಎಂದಿರುತ್ತದೆ. ಪೂರ್ತಿ ಅಗಾವೆಯದ್ದಾದರೆ ಮಾತ್ರ ‘ಶೇ 100 ಅಗಾವೆ’ ಎಂದು ಹೆಮ್ಮೆಯಿಂದ ಬರೆದುಕೊಂಡಿರುತ್ತಾರೆ.

ಹಾಗಾಗಿ ನಿಮ್ಮ ಪ್ರಶ್ನೆಯಲ್ಲಿರುವ ‘ಬಿಳಿಯೋ, ಚಿನ್ನದ್ದೋ’ ಎಂಬುದು ಎರಡನೆಯ ಪ್ರಶ್ನೆಯಾಗಬೇಕು. ಮೊದಲು ಬಾಟಲಿಯನ್ನು ಕೈಗೆತ್ತಿಕೊಂಡು ಆ 100ನ್ನು ಹುಡುಕಿ. ಬೆಳ್ಳಗಿರುವುದೆಲ್ಲ ಹಾಲಲ್ಲ, ಹೊಳೆಯುವುದೆಲ್ಲ ಚಿನ್ನವಲ್ಲ ಎಂಬ ಗಾದೆಯ ಎರಡೂ ಅರ್ಧಗಳು ಟಕೀಲಾಕ್ಕೆ ಅಳತೆ ತೆಗೆದು ಹೊಲಿದಂತಿವೆ. ಬಿಳಿಯದರಲ್ಲೂ ಬೆರಕೆ ಇದೆ. ಚಿನ್ನದ ಬಣ್ಣದ ಅಗ್ಗದ ಬಾಟಲಿಗಳಲ್ಲಂತೂ ಬಣ್ಣ ಬಹುಪಾಲು ಕ್ಯಾರಮೆಲ್‌ನದು, ಮರದ ಪೀಪಾಯಿಯದಲ್ಲ. ಸ್ಪ್ಯಾನಿಷ್‌ನಲ್ಲಿ ಇದಕ್ಕೆ ‘ಓರೊ’ ಎಂದು ಹೆಸರು, ಅಂದರೆ ಚಿನ್ನ. ವಿಸ್ಕಿ ಕುಡಿದು ಅಭ್ಯಾಸವಾದ ನಮ್ಮ ಕಣ್ಣಿಗೆ ಬಣ್ಣ ಕಂಡ ಕೂಡಲೇ ‘ಹಳೆಯದು, ಒಳ್ಳೆಯದು’ ಎನ್ನಿಸಿಬಿಡುತ್ತದೆ. ಮಾರುವವರಿಗೆ ಇದು ಚೆನ್ನಾಗಿ ಗೊತ್ತು.

ಭಾರತದ ಅಂಗಡಿಗಳಲ್ಲಿ ಹೆಚ್ಚಾಗಿ ಕಾಣುವ ಹೊಸೆ ಕ್ವೆರ್ವೊ ಎಸ್ಪೆಷಿಯಲ್, ಕೆಂಪು ಟೋಪಿಯ ಮುಚ್ಚಳದ ಸಿಯೆರಾದ ಸಾಮಾನ್ಯ ಬಾಟಲಿಗಳು, ಸಾಮಾನ್ಯ ಓಲ್ಮೆಕಾ, ಇವೆಲ್ಲ ಮಿಕ್ಸ್ಟೊ ಗುಂಪಿನವು. ಅದೇ ಕ್ವೆರ್ವೊ ಮನೆತನದ ‘ಟ್ರಾಡಿಸಿಯೊನಾಲ್’ ಮತ್ತು ‘1800’, ಓಲ್ಮೆಕಾದ ‘ಆಲ್ಟೊಸ್’, ಬೇರೆ ಕಂಪನಿಯ ‘ಎಲ್ ಹಿಮಡೋರ್’ ಪೂರ್ತಿ ಅಗಾವೆಯವು. ಒಂದೇ ಕಂಪನಿ ಎರಡನ್ನೂ ಮಾಡುವುದರಿಂದ ಹೆಸರು ನೋಡಿ ಕೊಂಡರೆ ಮೋಸ ಹೋಗುತ್ತೀರಿ. ಅಂದಹಾಗೆ ಕ್ವೆರ್ವೊ ಮನೆತನ ಹೊಸಬರದಲ್ಲ. ಸ್ಪೇನಿನ ದೊರೆಯಿಂದ ಅವರಿಗೆ ಜಮೀನು ದೊರೆತದ್ದು 1758ರಲ್ಲಿ, ಮದ್ಯ ತಯಾರಿಸಲು ಪರವಾನಗಿ ಸಿಕ್ಕಿದ್ದು 1795ರಲ್ಲಿ.

ಈಗ ಬಗೆಗಳ ಮಾತು. ಬಟ್ಟಿ ಇಳಿಸಿದ ಮೇಲೆ ಮರ ಮುಟ್ಟಿಸದೆ, ಅಥವಾ ಎರಡು ತಿಂಗಳೊಳಗೇ, ಬಾಟಲಿಗೆ ಸೇರಿದ್ದು ಬ್ಲಾಂಕೊ. ಕೆಲವರು ಪ್ಲಾಟಾ ಅಥವಾ ಸಿಲ್ವರ್ ಎಂದೂ ಬರೆಯುತ್ತಾರೆ. ಓಕ್ ಮರದ ಪೀಪಾಯಿಯಲ್ಲಿ ಕನಿಷ್ಠ ಎರಡು ತಿಂಗಳು ಕಳೆದದ್ದು ರೆಪೊಸಾಡೊ, ಅಂದರೆ ‘ವಿಶ್ರಮಿಸಿದ್ದು’. 600 ಲೀಟರಿಗಿಂತ ದೊಡ್ಡದಲ್ಲದ ಪೀಪಾಯಿಯಲ್ಲಿ ಕನಿಷ್ಠ ಒಂದು ವರ್ಷ ಇದ್ದದ್ದು ಅನ್ಯೇಹೊ. ಮೂರು ವರ್ಷ ದಾಟಿದರೆ ಎಕ್ಸ್‌ಟ್ರಾ ಅನ್ಯೇಹೊ. ಈ ದರ್ಜೆ 2006ರಲ್ಲಿ ಸೇರಿದ್ದು. ಹಳತಾದದ್ದನ್ನು ಮತ್ತೆ ಇದ್ದಿಲಿನಲ್ಲಿ ಸೋಸಿ ಬಣ್ಣ ತೆಗೆದು ‘ಕ್ರಿಸ್ಟಲಿನೊ’ ಎಂದು ಮಾರುವುದೂ ಇದೆ. ಮೊದಲು ಬಣ್ಣ ಬರಿಸಲು ದುಡ್ಡು, ಆಮೇಲೆ ಅದನ್ನು ಕಳೆಯಲು ದುಡ್ಡು. ಅದರ ಗೋಜಿಗೆ ನೀವು ಹೋಗಬೇಕಿಲ್ಲ.

ವಿಸ್ಕಿಯಲ್ಲಿ ಹಳತಾದಷ್ಟೂ ಒಳ್ಳೆಯದು ಎಂಬ ನಂಬಿಕೆಗೆ ತಕ್ಕಮಟ್ಟಿಗೆ ಕಾರಣವಿದೆ: ವಿಸ್ಕಿಯ ರುಚಿಯ ಬಹುಪಾಲು ಮರದ್ದೇ. ಟಕೀಲಾದ ಲೆಕ್ಕ ಬೇರೆ. ಅದರ ರುಚಿ ಗಿಡದಲ್ಲಿದೆ. ಬಾರ್ಲಿಯಂತೆ ವರ್ಷಕ್ಕೊಮ್ಮೆ ಬೆಳೆದು ಕೊಯ್ಯುವ ಗಿಡವಲ್ಲ ಅದು. ನೀಲಿ ಅಗಾವೆ ಬಲಿಯಲು ಆರರಿಂದ ಎಂಟು ವರ್ಷ ಬೇಕು. ನಿಮ್ಮ ಅರೇಬಿಕಾ ಮೂರು ನಾಲ್ಕು ವರ್ಷಕ್ಕೆ ಫಸಲು ಕೊಡಲು ಶುರು ಮಾಡಿ ಮುಂದೆ ದಶಕಗಟ್ಟಲೆ ಕೊಡುತ್ತದೆ. ಅಗಾವೆ ಕೊಡುವುದು ಒಂದೇ ಸಲ, ಬಾಳೆಯಂತೆ. ಬುಡದಲ್ಲಿ ಕಂದು ಹಾಕುವುದೂ ಬಾಳೆಯಂತೆಯೇ. ಹೂವಿನ ಕಂಬ ಮೇಲೇಳಲು ಬಿಡದೆ, ಎಲೆಗಳನ್ನೆಲ್ಲ ಸವರಿ, ಬುಡದ ಗಡ್ಡೆಯನ್ನು ಮಾತ್ರ ಕಿತ್ತು ತರುತ್ತಾರೆ. ಎಲೆ ಸವರಿದ ಗಡ್ಡೆ ದೊಡ್ಡ ಅನಾನಸ್ ಹಣ್ಣಿನಂತೆ ಕಾಣುವುದರಿಂದ ಅದಕ್ಕೆ ‘ಪಿನ್ಯಾ’ ಎಂದೇ ಹೆಸರು. ಕೆಲವು ಐವತ್ತು ಕಿಲೋ ಮೀರುತ್ತವೆ. ಅದನ್ನು ಇಟ್ಟಿಗೆ ಗೂಡಿನಲ್ಲಿ ಒಂದೆರಡು ದಿನ ಹಬೆಯಲ್ಲಿ ಬೇಯಿಸಿದಾಗ ಒಳಗಿನ ಪಿಷ್ಟದಂಥ ಪದಾರ್ಥ ಸಕ್ಕರೆಯಾಗುತ್ತದೆ. ಅವಸರದವರು ಉಕ್ಕಿನ ದೊಡ್ಡ ಪ್ರೆಷರ್ ಕುಕ್ಕರಿನಲ್ಲಿ ಅರ್ಧ ದಿನದೊಳಗೆ ಮುಗಿಸುತ್ತಾರೆ. ಇನ್ನೂ ಅವಸರದವರು ಹಸಿ ಗಡ್ಡೆಯನ್ನೇ ಚೂರು ಮಾಡಿ, ಬಿಸಿನೀರು ಹಾಯಿಸಿ ಸತ್ವ ಹಿಂಡುವ ಯಂತ್ರ ಇಟ್ಟಿದ್ದಾರೆ. ಅಂಥದ್ದರಲ್ಲಿ ಗಿಡದ ಪರಿಮಳ ತೆಳುವಾಗುತ್ತದೆ ಎಂಬುದು ನನ್ನ ನಾಲಿಗೆಯ ಸಾಕ್ಷ್ಯ.

ಚೆನ್ನಾಗಿ ಬೇಯಿಸಿದ ಅಗಾವೆಯ ವಾಸನೆಯನ್ನು ನಿಮಗೆ ಹೇಗೆ ಹೇಳಲಿ? ಕೆಂಡದಲ್ಲಿ ಸುಟ್ಟ ಗೆಣಸನ್ನು ಮುರಿದಾಗ ಬರುವ ಆವಿ, ಅದರ ಹಿಂದೆ ದೂರದ ಆಲೆಮನೆ. ಜೊತೆಗೆ ಹಸಿ ಕಾಳುಮೆಣಸನ್ನು ಬಳ್ಳಿಯಿಂದ ಕಿತ್ತು ಉಗುರಿನಲ್ಲಿ ಒಡೆದಾಗ ಬರುವ ಘಾಟು, ನಿಂಬೆ ಎಲೆ ಹೊಸಕಿದ ವಾಸನೆ. ಇವೆಲ್ಲ ನೇರವಾಗಿ ಮೂಗಿಗೆ ಬರುವುದು ಬ್ಲಾಂಕೊದಲ್ಲಿ. ಆದ್ದರಿಂದ ನನ್ನ ಸಲಹೆ ಸ್ಪಷ್ಟ. ಕೈಯಲ್ಲಿರುವ ಹಣ ಸೀಮಿತವಾಗಿದ್ದರೆ ಅದನ್ನು ಗಿಡಕ್ಕೆ ಕೊಡಿ, ಬಣ್ಣಕ್ಕೂ ಪೀಪಾಯಿಗೂ ಕೊಡಬೇಡಿ. ಒಂದೇ ಬಾಟಲಿ ಕೊಳ್ಳುವುದಾದರೆ ಶೇ 100 ಅಗಾವೆಯ ಬ್ಲಾಂಕೊ ಕೊಳ್ಳಿ. ಗುಟುಕರಿಸಲೂ ಅದೇ, ಬೆರೆಸಲೂ ಅದೇ.

‘ಬಿಳಿಯದನ್ನು ಹಾಗೆಯೇ ಕುಡಿಯುವುದೇ!’ ಎಂದು ನಿಮ್ಮ ಸ್ನೇಹಿತರು ಹುಬ್ಬೇರಿಸುತ್ತಾರೆ. ಅವರ ತಪ್ಪಲ್ಲ. ನಮ್ಮಲ್ಲಿ ಟಕೀಲಾ ಬಂದದ್ದೇ ಕೈಮೇಲೆ ಉಪ್ಪು ಸುರಿದು ನೆಕ್ಕಿ, ಕಣ್ಣು ಮುಚ್ಚಿ ಗಂಟಲಿಗೆ ಎರಚಿ, ನಿಂಬೆ ಕಚ್ಚುವ ಆಟವಾಗಿ. ಕಷಾಯ ಕುಡಿದ ಮಗುವಿನ ಬಾಯಿಗೆ ಬೆಲ್ಲ ಹಾಕುತ್ತೇವಲ್ಲ, ಅದೇ ಉಪಾಯ. ಕೆಟ್ಟ ರುಚಿಯನ್ನು ಮುಚ್ಚಿಡಲು ಅದು ಬೇಕು, ಒಳ್ಳೆಯದಕ್ಕೆ ಬೇಕಿಲ್ಲ. ಬಾಯಿ ಕೊಂಚ ಒಳಕ್ಕೆ ಬಾಗಿದ ಸಣ್ಣ ಗಾಜಿನ ಲೋಟಕ್ಕೆ 30 ಮಿ.ಲೀ. ಸುರಿದು ಐದು ಹತ್ತು ನಿಮಿಷ ಹಾಗೇ ಬಿಡಿ. ಐಸ್ ಬೇಡ, ತಣ್ಣಗಾದರೆ ಪರಿಮಳ ಮುದುಡಿಕೊಳ್ಳುತ್ತದೆ. ಮೊದಲ ಗುಟುಕು ನಾಲಿಗೆಯನ್ನು ಎಚ್ಚರಿಸಲು ಮಾತ್ರ, ಅದರ ಮೇಲೆ ತೀರ್ಪು ಕೊಡಬೇಡಿ. ಎರಡನೆಯದರಲ್ಲಿ ಗೆಣಸು ಸಿಗುತ್ತದೆ. ಮೂಡಿಗೆರೆಯ ಫೆಬ್ರುವರಿ ಸಂಜೆಯ ಚಳಿ ಇದಕ್ಕೆ ಹೇಳಿ ಮಾಡಿಸಿದ ಹವಾಮಾನ.

ಟಕೀಲಾ ಹುಟ್ಟಿದ ಹಲಿಸ್ಕೊ ಸೀಮೆಯಲ್ಲಿ ಪಕ್ಕಕ್ಕೆ ‘ಸಂಗ್ರಿಟಾ’ ಇಟ್ಟುಕೊಳ್ಳುವ ಪದ್ಧತಿ ಇದೆ. ಕಿತ್ತಳೆ ರಸ, ನಿಂಬೆ, ಮೆಣಸಿನಕಾಯಿ, ಕೆಲವೊಮ್ಮೆ ದಾಳಿಂಬೆ ರಸ. ಒಂದು ಗುಟುಕು ಅದು, ಒಂದು ಗುಟುಕು ಇದು. ಕಾಫಿ ತೋಟದ ಕಿತ್ತಳೆ ಇನ್ನೂ ಉಳಿಸಿಕೊಂಡಿರುವ ಪುಣ್ಯವಂತರಲ್ಲಿ ನೀವೂ ಒಬ್ಬರಾಗಿದ್ದರೆ, ಒಂದೆರಡು ಜೀರಿಗೆ ಮೆಣಸನ್ನು ಜಜ್ಜಿ ಹಾಕಿ ಇದನ್ನು ಮಾಡಿ ನೋಡಿ. ಎರಡಕ್ಕಿಂತ ಹೆಚ್ಚು ಹಾಕಿದರೆ ಜವಾಬ್ದಾರಿ ನನ್ನದಲ್ಲ.

ರೆಪೊಸಾಡೊ ಬೇಡವೇ ಬೇಡವೆಂದು ನಾನು ಹೇಳುತ್ತಿಲ್ಲ. ವಿಸ್ಕಿ ಬಿಡಲೊಲ್ಲದ ಸ್ನೇಹಿತರು ನಿಮ್ಮ ಗುಂಪಿನಲ್ಲಿದ್ದರೆ ಅವರನ್ನು ಈ ದಡಕ್ಕೆ ದಾಟಿಸುವ ಸಂಕ ಅದೇ. ಓಕ್‌ನಿಂದ ಬರುವ ವೆನಿಲಾ, ಸುಟ್ಟ ಸಕ್ಕರೆಯ ಸುವಾಸನೆ ಅವರಿಗೆ ಪರಿಚಿತ. ಖಾರದ ಮೊನೆಯೂ ಸ್ವಲ್ಪ ಮೊಂಡಾಗಿರುತ್ತದೆ. ಆದರೆ ಇಲ್ಲೂ ಆ 100 ಇರಲೇಬೇಕು. ಮಿಕ್ಸ್ಟೊ ರೆಪೊಸಾಡೊ ಕೂಡ ಇದೆ, ಅದು ಬೆರಕೆ ಪುಡಿಯನ್ನು ಹೆಚ್ಚು ಹುರಿದ ಹಾಗೆ. ಇನ್ನೊಂದು ಸೂಕ್ಷ್ಮ: ಮರದಲ್ಲಿ ಇಟ್ಟ ಬಗೆಗಳಿಗೆ ಕ್ಯಾರಮೆಲ್, ಓಕ್ ಸಾರ, ಗ್ಲಿಸರಿನ್, ಸಕ್ಕರೆ ಪಾಕ ಇವನ್ನು ಒಟ್ಟು ತೂಕದ ಶೇ 1ರ ಒಳಗೆ ಸೇರಿಸಲು ನಿಯಮ ಅವಕಾಶ ಕೊಡುತ್ತದೆ. ಕಡಿಮೆ ಬೆಲೆಯ ರೆಪೊಸಾಡೊ ಬಾಯಿಗಿಟ್ಟ ಕೂಡಲೇ ಐಸ್‌ಕ್ರೀಮಿನಂತೆ ಸಿಹಿಯಾಗಿ, ಎಣ್ಣೆಯಂತೆ ನುಣುಪಾಗಿ ಜಾರಿದರೆ ಎರಡು ತಿಂಗಳ ಪೀಪಾಯಿ ಅಷ್ಟೆಲ್ಲ ಪವಾಡ ಮಾಡಲಾರದು ಎಂದು ನೆನಪಿಟ್ಟುಕೊಳ್ಳಿ.

ಅನ್ಯೇಹೊ ನಿಮ್ಮ ಬೆಲೆಗೆ ಹೊಂದುವುದಿಲ್ಲ, ಹೊಂದಿದರೆ ನನಗೆ ಅನುಮಾನ. ಬೆಲೆಯ ಮಾತು ಬಂದದ್ದರಿಂದ ಹೇಳುತ್ತೇನೆ: ಮೆಕ್ಸಿಕೊದಲ್ಲಿ ಅಗ್ಗವಾದದ್ದು ಇಲ್ಲಿ ಅಗ್ಗವಲ್ಲ. ಕಸ್ಟಮ್ಸ್ ಸುಂಕ, ಅದರ ಮೇಲೆ ರಾಜ್ಯದ ಅಬಕಾರಿ ಸುಂಕ, ಇವೆಲ್ಲ ಏರಿ ಸಾಧಾರಣ ಬಾಟಲಿಯೂ ಹಬ್ಬದ ಉಡುಗೊರೆಯ ಬೆಲೆಗೆ ಬಂದು ನಿಲ್ಲುತ್ತದೆ. ಇಷ್ಟು ಸುಂಕ ಕೊಟ್ಟು ಚಿಕೋರಿ ತರುವುದೇ ಎಂಬುದು ನನ್ನ ವಾದದ ಇನ್ನೊಂದು ಮುಖ. ಟೋಪಿಯ ಮುಚ್ಚಳ, ತಲೆಬುರುಡೆಯ ಆಕಾರದ ಬಾಟಲಿ, ಚರ್ಮದ ಪಟ್ಟಿ ಕಟ್ಟಿದ ಕತ್ತು ಕಂಡರೆ ‘ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ’ ಎಂದುಕೊಂಡು ಹಿಂಬದಿಯ ಸಣ್ಣಕ್ಷರ ಓದಿ. ಅಲ್ಲಿ ‘NOM’ (ನೋಮ್) ಎಂಬ ಮೂರು ಇಂಗ್ಲಿಷ್ ಅಕ್ಷರ, ಅದರ ಮುಂದೆ ನಾಲ್ಕಂಕಿ ಇರುತ್ತದೆ. ಯಾವ ಭಟ್ಟಿಯಲ್ಲಿ ತಯಾರಾಯಿತು ಎಂಬುದರ ಗುರುತು ಅದು. ಆ ಸಂಖ್ಯೆ ಇಲ್ಲದ್ದು ಟಕೀಲಾವೇ ಅಲ್ಲ. ನಮ್ಮ ಅಬಕಾರಿ ಇಲಾಖೆಯ ಚೀಟಿ ಮುಚ್ಚಳದ ಮೇಲೆ ಹರಿಯದೆ ಇರಬೇಕು ಎಂದು ಬೇರೆ ಹೇಳಬೇಕಿಲ್ಲ.

ಎತ್ತರದ ಸೀಮೆಯ ಅಗಾವೆ ಸಿಹಿ, ಕಣಿವೆಯ ಅಗಾವೆ ಖಾರ ಎಂಬ ಚರ್ಚೆಯನ್ನೂ ನಿಮ್ಮ ತಮ್ಮ ತೆಗೆಯಬಹುದು. ಹಲಿಸ್ಕೊದ ಲಾಸ್ ಆಲ್ಟೊಸ್ ಎಂಬ ಕೆಂಪು ಮಣ್ಣಿನ ಪ್ರಸ್ಥಭೂಮಿಯ ತೋಟಗಳು 2,000 ಮೀಟರ್ ಆಸುಪಾಸಿನಲ್ಲಿವೆ. ನಮ್ಮ ಮುಳ್ಳಯ್ಯನಗಿರಿಯ ತುದಿಗೆ ಸಾಟಿಯಾದ ಎತ್ತರ ಅದು. ಗಿರಿ ಸಾಲಿನ ಕಾಫಿಗೂ ಕೆಳಗಿನ ಕಾಫಿಗೂ ಇರುವ ವ್ಯತ್ಯಾಸ ಬಲ್ಲ ನಿಮಗೆ ಆ ಮಾತು ಅರ್ಥವಾಗುತ್ತದೆ. ಆದರೆ ಈ ಬೆಲೆಯ ಬಾಟಲಿಗಳಲ್ಲಿ ಊರಿಗಿಂತ ಬೇಯಿಸಿದ ರೀತಿಯೇ ಹೆಚ್ಚು ಮಾತಾಡುತ್ತದೆ.

ಇನ್ನು ಬೆರೆಸುವುದು. ಇಲ್ಲಿ ನಾನು ಮಿಕ್ಸ್ಟೊ ಮೇಲಿನ ಸಿಟ್ಟನ್ನು ಸ್ವಲ್ಪ ಇಳಿಸುತ್ತೇನೆ. ಹತ್ತಿಪ್ಪತ್ತು ಜನ, ಸಿಹಿ ಹಣ್ಣಿನ ರಸ, ಸೋಡಾ, ರಾಶಿ ಐಸ್ ಇದ್ದಲ್ಲಿ ಬಿಳಿ ಮಿಕ್ಸ್ಟೊ ನಡೆಯುತ್ತದೆ. ಮದುವೆ ಮನೆಯ ಕಾಫಿಗೆ ಪೀಬೆರಿ ಪುಡಿ ಯಾರೂ ಹಾಕುವುದಿಲ್ಲ. ಆರು ಜನಕ್ಕಾದರೆ ಬೇಡ. ಮಾರ್ಗರಿಟಾದಂಥ ಪಾನೀಯದಲ್ಲಿ ಇರುವುದೇ ಮೂರು ಪದಾರ್ಥ, ಅಡಗಿಕೊಳ್ಳಲು ಜಾಗವಿಲ್ಲ.

ಮಾರ್ಗರಿಟಾಗೆ 50 ಮಿ.ಲೀ. ಟಕೀಲಾ, 25 ನಿಂಬೆ ರಸ, 25 ಕಿತ್ತಳೆ ಮದ್ಯ. ಕಿತ್ತಳೆ ಮದ್ಯಕ್ಕಾಗಿ ಇನ್ನೊಂದು ದುಬಾರಿ ಬಾಟಲಿ ಕೊಳ್ಳಬೇಡಿ. ಅದರ ಬದಲು ಜೇನುತುಪ್ಪಕ್ಕೆ ಸಮ ಪ್ರಮಾಣದ ಬೆಚ್ಚನೆಯ ನೀರು ಬೆರೆಸಿ, 15 ಮಿ.ಲೀ. ಹಾಕಿ. ಅಮೆರಿಕದ ಬಾರುಗಳಲ್ಲಿ ಅಗಾವೆ ಪಾಕ ಹಾಕಿ ಮಾಡುವ ಹೆಸರಾಂತ ಮಾರ್ಗರಿಟಾ ಇದೇ ಜಾಡಿನದು. ಬಿಗಿ ಮುಚ್ಚಳದ ಗಾಜಿನ ಭರಣಿಯಲ್ಲಿ ಐಸ್ ಹಾಕಿ ಹನ್ನೆರಡು ಹದಿನೈದು ಸೆಕೆಂಡು ಕುಲುಕಿ ಸೋಸಿದರೆ ಆಯಿತು. ಭರಣಿಯಿಂದ ಉಪ್ಪಿನಕಾಯಿ ವಾಸನೆ ಪೂರ್ತಿ ಹೋಗಿರಬೇಕು ಎಂಬುದು ಅನುಭವದ ಮಾತು. ನಿಂಬೆಯ ವಿಷಯದಲ್ಲಿ ನಾವು ಅದೃಷ್ಟವಂತರು. ನಮ್ಮ ಸಂತೆಯ ತೆಳು ಸಿಪ್ಪೆಯ ಸಣ್ಣ ನಿಂಬೆಯೂ ಮೆಕ್ಸಿಕೊದ ನಿಂಬೆಯೂ ಒಂದೇ ಜಾತಿ. ಅದು ಏಷ್ಯಾದಿಂದಲೇ ಅತ್ತ ಹೋಯಿತು, ಮೆಣಸಿನಕಾಯಿ ಅಲ್ಲಿಂದ ಇತ್ತ ಬಂತು.

ಮೆಕ್ಸಿಕೊದವರು ಮಾರ್ಗರಿಟಾಗಿಂತ ಹೆಚ್ಚು ಪ್ರೀತಿಯಿಂದ ಕುಡಿಯುವುದು ‘ಪಲೋಮಾ’. ಗ್ರೇಪ್‌ಫ್ರೂಟ್ ಸೋಡಾ, ನಿಂಬೆ, ಚಿಟಿಕೆ ಉಪ್ಪು. ಗ್ರೇಪ್‌ಫ್ರೂಟನ್ನು ಮಲೆನಾಡಿನಲ್ಲಿ ಎಲ್ಲಿ ಹುಡುಕುವುದು ಎಂದು ಚಿಂತಿಸಬೇಡಿ. ಆ ಹಣ್ಣು ಚಕ್ಕೋತ ಮತ್ತು ಕಿತ್ತಳೆಯ ಬೆರಕೆಯಿಂದ ಹುಟ್ಟಿದ್ದು. ಅದರ ತಾಯಿಯೇ ನಮ್ಮ ಹಿತ್ತಿಲಿನಲ್ಲಿದ್ದಾಳೆ. ಚಕ್ಕೋತದ ತೊಳೆಗಳ ಬಿಳಿ ಪೊರೆ ಬಿಡಿಸಿ ಹಿಂಡಿದ 60 ಮಿ.ಲೀ. ರಸ, 10 ನಿಂಬೆ ರಸ, 50 ಬ್ಲಾಂಕೊ, ಚಿಟಿಕೆ ಉಪ್ಪು, ಹಣ್ಣು ಹುಳಿಯಾಗಿದ್ದರೆ ಅರ್ಧ ಚಮಚ ಜೇನಿನ ಪಾಕ, ಮೇಲೆ ಸೋಡಾ. ಹಂದಿ ಮಾಂಸದ ಪಲ್ಯ, ಅಕ್ಕಿ ರೊಟ್ಟಿ ಪಕ್ಕದಲ್ಲಿದ್ದರೆ ಜಿಡ್ಡನ್ನು ಕತ್ತರಿಸಲು ಇದಕ್ಕಿಂತ ಚೆನ್ನಾದದ್ದು ನನಗೆ ಗೊತ್ತಿಲ್ಲ. ಕೆಂಪು ತೊಳೆಯ ಚಕ್ಕೋತ ಸಿಕ್ಕರೆ ಬಣ್ಣವೂ ಬರುತ್ತದೆ; ಬಿಟ್ಟಿ ಸಿಗುವ ಬಣ್ಣಕ್ಕೆ ನನ್ನ ತಕರಾರಿಲ್ಲ.

ಕಾಫಿ ಹಾಕಿ ನೋಡುವ ಚಪಲ ನಿಮಗೆ ಬಂದೇ ಬರುತ್ತದೆ. ನನಗೂ ಬಂದಿತ್ತು. ಮೊದಲ ಸಲ ಚಿನ್ನದ ಬಣ್ಣದ ಅಗ್ಗದ ಬಾಟಲಿಗೆ ಮನೆಯಲ್ಲಿದ್ದ ಚಿಕೋರಿ ಡಿಕಾಕ್ಷನ್ ಬೆರೆಸಿದೆ. ಎರಡು ಬೆರಕೆಗಳು ಸೇರಿ ಕೆಮ್ಮಿನ ಔಷಧಿಯಾಯಿತು. ಈಗ ಮಾಡುವುದು ಹೀಗೆ: ಚಿಕೋರಿ ಇಲ್ಲದ ಗಟ್ಟಿ ಡಿಕಾಕ್ಷನ್ 30 ಮಿ.ಲೀ., ಪೂರ್ತಿ ಅಗಾವೆಯ ರೆಪೊಸಾಡೊ 40, ಬೆಲ್ಲದ ಪಾಕ 10, ಐಸ್ ಜೊತೆ ಕುಲುಕಿ ಸಣ್ಣ ಲೋಟಕ್ಕೆ. ಬ್ಲಾಂಕೊಗಿಂತ ರೆಪೊಸಾಡೊ ಖಂಡಿತವಾಗಿ ಗೆಲ್ಲುವ ಜಾಗ ನನಗೆ ಕಂಡಂತೆ ಇದೊಂದೇ, ಏಕೆಂದರೆ ಹುರಿದ ಬೀಜಕ್ಕೂ ಸುಟ್ಟ ಮರಕ್ಕೂ ನೆಂಟಸ್ತಿಕೆ ಚೆನ್ನಾಗಿ ಕೂಡಿಬರುತ್ತದೆ.

ಲೆಕ್ಕ: 750 ಮಿ.ಲೀ. ಬಾಟಲಿಯಲ್ಲಿ 50ರ ಹದಿನೈದು ಅಳತೆ ಸಿಗುತ್ತವೆ. ಆರು ಜನಕ್ಕೆ ಒಂದು ಬ್ಲಾಂಕೊ ಧಾರಾಳ. ರಾತ್ರಿ ಘಾಟಿ ಇಳಿಯಬೇಕಾದವರಿಗೆ ಚಕ್ಕೋತ, ಉಪ್ಪು, ಸೋಡಾ ಮಾತ್ರ ಕೊಡಿ. ಟಕೀಲಾ ಇಲ್ಲದೆಯೂ ಅದು ಒಳ್ಳೆಯ ಪಾನಕ. ಮಿಕ್ಕ ಬಾಟಲಿಯನ್ನು ನಿಲ್ಲಿಸಿಯೇ ಇಡಿ, ಮಲಗಿಸಬೇಡಿ. ಮಳೆಗಾಲದಲ್ಲಿ ನಮ್ಮ ಕಡೆ ಬಿರಡೆಗೂ ಬೂಷ್ಟು ಹಿಡಿಯುತ್ತದೆ.

ಕೊನೆಗೆ ದೊಡ್ಡಪ್ಪನವರ ಮಾತು. ಅವರು ಅರ್ಧ ಸರಿ. ಅಗಾವೆ ಕಳ್ಳಿಯ ಜಾತಿ ಎಂದು ಓದಿದವರೂ ತಪ್ಪು ಹೇಳುವಾಗ ಕತ್ತಾಳೆ ಎಂದು ಸರಿಯಾಗಿ ಗುರುತಿಸಿದ್ದಾರೆ. ಕಡೂರು, ಅರಸೀಕೆರೆಯ ಬಯಲು ಬೇಲಿಗಳಲ್ಲಿ ನಿಂತಿರುವ ಕತ್ತಾಳೆ ಅದೇ ಅಗಾವೆ ಕುಲದ್ದು, ಮೂಲತಃ ಅಮೆರಿಕ ಖಂಡದಿಂದ ಬಂದದ್ದು. ಆದರೆ ಟಕೀಲಾಗೆ ಬೇಕಾದ್ದು ಅದರ ದಾಯಾದಿಯಾದ ನೀಲಿ ಅಗಾವೆ ಒಂದೇ. ಅದೂ ಹಲಿಸ್ಕೊ ಮತ್ತು ಇನ್ನು ನಾಲ್ಕು ರಾಜ್ಯಗಳ ಗೊತ್ತುಪಡಿಸಿದ ಭಾಗಗಳಲ್ಲಿ ಬೆಳೆದಿರಬೇಕು. 1974ರಿಂದ ಈ ಹೆಸರಿಗೆ ಅಂಥ ರಕ್ಷಣೆ ಇದೆ. ನಮ್ಮ ದಖನ್ನಿನ ಕತ್ತಾಳೆಯಿಂದ ಮದ್ಯ ಮಾಡುವ ಭಾರತೀಯ ಕಂಪನಿಗಳು ಈಗ ಇವೆ. ಡೆಸ್ಮಂಡ್‌ಜಿ, ಪಿಸ್ಟೋಲಾ ಎಂಬ ಹೆಸರುಗಳಲ್ಲಿ ಬರುತ್ತವೆ. ಟಕೀಲಾ ಎಂದು ಬರೆದುಕೊಳ್ಳುವಂತಿಲ್ಲವಾದ್ದರಿಂದ ಅಗಾವೆ ಮದ್ಯ ಎನ್ನುತ್ತಾರೆ. ಡೆಸ್ಮಂಡ್‌ಜಿಯಲ್ಲೂ 51ರದ್ದು, 100ರದ್ದು ಎರಡೂ ಇವೆ, ಆದರೆ ಅವರು ಅಂಕಿಯನ್ನು ಬಾಟಲಿಯ ಮೇಲೆಯೇ ಹಾಕಿದ್ದಾರೆ. ಕಂಡರೆ 100ರದ್ದನ್ನು ತನ್ನಿ, ವಿದೇಶಿ ಮಿಕ್ಸ್ಟೊಗಿಂತ ನನಗೆ ಅದು ಹಿತ.

ದೊಡ್ಡಪ್ಪನವರಿಗೆ ಬೇಲಿ ಕಡಿದು ಪ್ರಯೋಗ ಮಾಡುವ ಉತ್ಸಾಹ ಬಂದಿದ್ದರೆ ತಡೆಯಿರಿ. ಮನೆಯಲ್ಲಿ ಬಟ್ಟಿ ಇಳಿಸುವುದು ಅಬಕಾರಿ ಕಾಯ್ದೆಯ ಪ್ರಕಾರ ಅಪರಾಧ. ಅದಕ್ಕಿಂತ ಮೊದಲೇ ಕತ್ತಾಳೆಯ ಹಸಿ ರಸ ಸೂಜಿಯಂಥ ಹರಳುಗಳಿಂದ ಮೈಕೈ ಕೆರೆಸಿ, ಗುಳ್ಳೆ ಎಬ್ಬಿಸಿ ಬುದ್ಧಿ ಕಲಿಸುತ್ತದೆ. ನಾರು ತೆಗೆಯಲು ಕತ್ತಾಳೆ ಕೊಳೆಹಾಕಿದ ಅನುಭವ ಅವರಿಗಿದ್ದರೆ ಆ ತುರಿಕೆಯ ನೆನಪು ಇದ್ದೇ ಇರುತ್ತದೆ, ಕೇಳಿ ನೋಡಿ.